ವಿದ್ವಾಂಸರಿಗೆ ಆಶ್ರಯವಿತ್ತ ಡಾ. ಹೋಮಿ ಭಾಭಾ

ಭಾರತದ ಅಣುಶಕ್ತಿ ಕಾರ್ಯದ ಜನಕರೆಂದು ಡಾ. ಹೋಮಿ ಜಹಾಂಗೀರ್ ಭಾಭಾ ಅವರನ್ನು ನಾವೆಲ್ಲರೂ ಬಲ್ಲೆವು. ಆದರೆ, ನೆಲೆ ತಪ್ಪಿದ ಪರದೇಶದ ವಿದ್ವಾಂಸರಿಗೆ ಅವರು ಈ ಮುಂಬಯಿ ನಗರದಲ್ಲಿ ಸ್ಥಾನವಿತ್ತು ಗೌರವಿಸಿದ ಸಂಗತಿಯು ಹಲವರಿಗೆ ತಿಳಿಯದು.

ಭಾಭಾ ಅವರು 1909ನೆಯ ಇಸವಿ ಅಕ್ಟೋಬರ್ 30ರಂದು ಮುಂಬಯಿಯ ಪಾರಸಿ ಮನೆತನವೊಂದರಲ್ಲಿ ಜನಿಸಿದರು. ಇಲ್ಲಿಯೇ ವಿದ್ಯಾಭ್ಯಾಸ ಮಾಡಿ 1927ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಮಗನು ಇಂಜಿನಿಯರನಾಗಿ ಟಾಟಾ ಉಕ್ಕಿನ ಕಾರ್ಖಾನೆಯನ್ನು ಸೇರಲೆಂಬುದು ಹಿರಿಯರ ಇಚ್ಛೆ. ಅವರ ಮಾತನ್ನು ನಡೆಸಿ, ಆ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಮೇಲೆಯೇ ಭಾಭಾ ಅವರು ತಮಗೆ ಪ್ರಿಯವಾದ ಭೌತಶಾಸ್ತ್ರದ ಕಡೆಗೆ ತಿರುಗಿದರು.

1933ರಲ್ಲಿ ಜರ್ಮನಿಯ ನಾಜಿ ಸರ್ಕಾರವು ಯೆಹೂದ್ಯ ಪ್ರಾಧ್ಯಾಪಕರನ್ನು ವಿಶ್ವವಿದ್ಯಾನಿಲಯಗಳಿಂದ ಹೊರದೂಡತೊಡಗಿತು. ಹಾಗೆ ಇಂಗ್ಲೆಂಡಿಗೆ ಬಂದವರಲ್ಲಿ ವಾಲ್ಟರ್ ಹೈಟ್ಲರ್ ಒಬ್ಬರು. ಆಕಾಶದಿಂದ ಬರುವ ವಿಶ್ವಕಿರಣವು ವಾಯುಮಂಡಲದಲ್ಲಿ ಅಸಂಖ್ಯ ಕಣಗಳ ಮಳೆಯಾಗುವ ಬಗೆಯನ್ನು ಭಾಭಾ ಅವರು ಇವರೊಡಗೂಡಿಯೇ 1937ರಲ್ಲಿ ವಿವರಿಸಿ ಕೀರ್ತಿ ಪಡೆದರು.

1939ರಲ್ಲಿ ಅವರು ರಜೆಗೆಂದು ಸ್ವದೇಶಕ್ಕೆ ಬಂದಾಗ ಮಹಾಯುದ್ಧವು ಆರಂಭವಾಯಿತು. ಹಿಂದಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ವಿಭಾಗವನ್ನು ಸೇರಿದರು. ರಾಮನ್ ಅವರು ಕೆಲವು ವರ್ಷಗಳ ಹಿಂದೆ, 1935-36ರಲ್ಲಿ, ಜರ್ಮನಿಯಲ್ಲಿ ಸ್ಥಾನ ಕಳೆದುಕೊಂಡಿದ್ದ ಮಾಕ್ಸ್ ಬಾರ್ನ್ ಅವರನ್ನು ಅಲ್ಲಿಗೆ ಕರೆಸಿ, ಶಾಶ್ವತವಾಗಿ ಉಳಿಸಿಕೊಳ್ಳಲು ಯತ್ನಿಸಿದ್ದರು. ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. ಬಾರ್ನ್ ಅವರು ಎಡಿನ್‌ಬರೋ ನಗರಕ್ಕೆ ಹೋದರು. 1954ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಎಂತಹ ಗುರುವನ್ನು ನಮ್ಮ ನಾಡು ಕಳೆದುಕೊಂಡಿತು!

ಬೆಂಗಳೂರಿನಲ್ಲಿ ಕೈಗೂಡದ ಕಾರ್ಯವು ಮುಂಬಯಿಯಲ್ಲಿ ಕೈಗೂಡಿತು. 1944ರಲ್ಲಿ ಭಾಭಾ ಅವರು ಟಾಟಾ ಧರ್ಮನಿಧಿಗೆ ಪತ್ರ ಬರೆದು ಸಹಾಯ ಬೇಡಿದರು. ಅದರ ಫಲವಾಗಿ 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಬೆಂಗಳೂರಿನಲ್ಲಿ ಜನ್ಮತಾಳಿ, ವರ್ಷಾಂತ್ಯಕ್ಕೆ ಮುಂಬಯಿಯ ಪೆಡ್ಡರ್ ರಸ್ತೆಯ ಬಂಗಲೆಯೊಂದಕ್ಕೆ ಬಂದಿತು. ಮೊದಲು ಯೋಗ್ಯ ವ್ಯಕ್ತಿಯನ್ನು ಹುಡುಕಬೇಕು, ಆಮೇಲೆ ಆತನ ಸುತ್ತ ವಿಭಾಗವನ್ನು ಕಟ್ಟಬೇಕು ಎಂಬುದು ಅವರ ನೀತಿಯಾಗಿತ್ತು.

ನಾಜಿಗಳಿಂದ ಪದಚ್ಯುತರಾಗಿ 1935ರಲ್ಲಿ ಕಲ್ಕತ್ತೆಗೆ ಬಂದಿದ್ದ ಗಣಿತಜ್ಞ ಎಫ್. ಡಬ್ಲ್ಯೂ. ಲೇವಿ ಅವರು 1948ರಲ್ಲಿ ಈ ಸಂಸ್ಥೆಯನ್ನು ಸೇರಿದರು. ಅವರ ಬಳಿಕ ಬಂದವರು ಬರ್ನಾರ್ಡ್ ಪೀಟರ್ಸ್. ಅವರು ನಾಜಿಗಳ ಡಾಖಾವ್ ಸೆರೆಶಿಬಿರದ ಕಷ್ಟವನ್ನುಂಡು, ತಪ್ಪಿಸಿಕೊಂಡು ಅಮೆರಿಕೆಯನ್ನು ಸೇರಿ, ವಿಶ್ವಕಿರಣಗಳ ಸಂಶೋಧನೆಯಲ್ಲಿ ಹೆಸರು ಗಳಿಸಿದ್ದರು. ಆದರೆ 1949ರಲ್ಲಿ ಕಮ್ಯೂನಿಸ್ಟರೆಂಬ ಆಪಾದನೆಯು ಅಲ್ಲಿಯೂ ಅವರನ್ನು ಬೆನ್ನಟ್ಟಿತು. ಎರಡನೆಯ ಬಾರಿ ನೆಲೆ ತಪ್ಪಿದ ಈ ವಿದ್ವಾಂಸರಿಗೆ ಭಾಭಾ ಅವರು 1951ರಲ್ಲಿ ಪ್ರಾಧ್ಯಾಪಕ ಪದವಿಯನ್ನಿತ್ತರು. ಅನ್ಯರ ಆಪಾದನೆಗೆ ಅಂಜದೆ ವಿದ್ವತ್ತನ್ನೇ ನೋಡಿದರು. ಪೀಟರ್ಸ್ ಅವರಾದರೋ ದೇವೇಂದ್ರ ಲಾಲ್ ಅವರಂತಹ ತರುಣರನ್ನು ಪಳಗಿಸಿ ಆ ಋಣವನ್ನು ತೀರಿಸಿದರು. 1985ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು.

ಭಾಭಾ ಅವರು 1955ರಲ್ಲಿ ಜಿನೀವಾದಲ್ಲಿ ನಡೆದ ಅಣುಶಕ್ತಿಯ ಶಾಂತಿಯುತ ಉಪಯೋಗದ ವಿಶ್ವಸಮ್ಮೇಳನಕ್ಕೆ ಅಧ್ಯಕ್ಷರಾದರು. 1956ರಲ್ಲಿ ಅವರ ಸಂಸ್ಥೆಯ ಅಂತರರಾಷ್ಟ್ರೀಯ ಗಣಿತಗೋಷ್ಠಿಗೆ ನಾನಾ ದೇಶಗಳ ಪಂಡಿತರು ಮುಂಬಯಿಗೆ ಬಂದರು. ಹತ್ತು ವರ್ಷಗಳ ತರುವಾಯ, 1966ರ ಜನವರಿ 24ರಂದು, ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರದಲ್ಲಿ ಸಂಭವಿಸಿದ ವಿಮಾನಾಪಘಾತದಲ್ಲಿ ಭಾಭಾ ಅವರು ಅಸುನೀಗಿದರು.

ಕೊಲಾಬಾದ ಕಡಲತೀರದಲ್ಲಿ ಅವರ ಸಂಸ್ಥೆಯು ಇಂದಿಗೂ ತಲೆಯೆತ್ತಿ ನಿಂತಿದೆ. ನಮ್ಮ ಹಿರಿಯರೂ ಊರು ಬಿಟ್ಟು ಈ ನಗರಕ್ಕೆ ಬಂದವರೇ. ತರಗತಿಗೆ ಹೊಸಬನೊಬ್ಬನು ಬಂದಾಗ ಅವನ ಊರು, ಮತ, ಮಾತುಗಳನ್ನೆಣಿಸದೆ ಬೆಂಚಿನಲ್ಲಿ ಸ್ಥಳ ಕೊಟ್ಟರೆ, ಈ ಮಹನೀಯರ ಹಾದಿಯಲ್ಲಿ ನಾವೂ ಒಂದು ಹೆಜ್ಜೆ ನಡೆದಂತಾಗುವುದು.