ಅಲನ್ ಟ್ಯೂರಿಂಗ್

ಗಣಕಯಂತ್ರವು ತನಗೆ ಕೊಟ್ಟ ಆದೇಶಗಳನ್ನು ಚಾಚೂತಪ್ಪದೆ ಪಾಲಿಸುತ್ತದೆ. ಆದೇಶದಲ್ಲಿಯೇ ತಪ್ಪಿದ್ದರೆ ಆ ತಪ್ಪನ್ನೂ ಹಾಗೆಯೇ ಪಾಲಿಸುತ್ತದೆ. ಇಂತಹ ಆದೇಶಗಳ ಸಾಲಿಗೆ ಕ್ರಮವಿಧಿಯೆಂದು ಹೆಸರು. ಕ್ರಮವಿಧಿಯೊಂದು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಮೊದಲಿಗೆ ಆಳವಾಗಿ ಚಿಂತಿಸಿದವರಲ್ಲಿ ಅಲನ್ ಟ್ಯೂರಿಂಗ್ ಒಬ್ಬನು.

ಟ್ಯೂರಿಂಗ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ಜೂಲಿಯಸ್ ಮದರಾಸು ಪ್ರಾಂತದಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದನು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರು. ನಮ್ಮ ತುಂಗಭದ್ರೆಗೆ ಸೇತುವೆ ಕಟ್ಟಿಸಿದವನು. ಹೆತ್ತವರು ಭಾರತದಲ್ಲಿದ್ದುದರಿಂದ ಬಾಲಕನು ಇಂಗ್ಲೆಂಡಿನಲ್ಲಿ ಪರರ ಆಶ್ರಯದಲ್ಲಿ ಬೆಳೆದನು.

ಕೇಂಬ್ರಿಜ್ಜಿನಲ್ಲಿ ಗಣಿತವನ್ನು ಅಭ್ಯಸಿಸಿದ ಟ್ಯೂರಿಂಗ್, 1936ರಲ್ಲಿ ಲೆಕ್ಕ ಮಾಡುವ ಕಾಲ್ಪನಿಕ ಯಂತ್ರವೊಂದನ್ನು ವರ್ಣಿಸಿದನು. ಅಂತಹ ಯಂತ್ರವು ಗೊತ್ತಾದ ಒಂದು ಚಿಹ್ನೆಯನ್ನು ಎಂದಾದರೂ ಬರೆಯುವುದೋ ಇಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ನಿರ್ಣಯಿಸಬಲ್ಲ ಒಂದೇ ವಿಧಾನವಿರಲಾರದೆಂದು ಸಾಧಿಸಿ ತೋರಿಸಿದನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಭೇದಿಸುವ ಯಂತ್ರದ ರಚನೆಗೆ ನೆರವಾದನು. ಯುದ್ಧಾನಂತರ ಗಣಕಯಂತ್ರದ ವಿನ್ಯಾಸವನ್ನು ಸಿದ್ಧಪಡಿಸಿ, 1948ರಲ್ಲಿ ಮ್ಯಾಂಚೆಸ್ಟರಿಗೆ ತೆರಳಿದನು.

1949ರ ಜೂನ್ 24ರಂದು ಕೇಂಬ್ರಿಜ್ಜಿನ ವಿದ್ವಾಂಸರ ಸಭೆಯಲ್ಲಿ ಟ್ಯೂರಿಂಗ್ ಕ್ರಮವಿಧಿಯ ಪರೀಕ್ಷೆಯನ್ನು ಕುರಿತು ಕಿರುಪ್ರಬಂಧವೊಂದನ್ನು ಮಂಡಿಸಿದನು. ಕೂಡುವ ಲೆಕ್ಕದಲ್ಲಿ ದಶಕಗಳನ್ನು ಬರೆದಿಟ್ಟರೆ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದೆಂಬುದು ಆತನ ದೃಷ್ಟಾಂತ. ನಿಪ್ಪಾಣಿಯ ತಂಬಾಕು ಪೇಟೆಯ ವರ್ತಕನೊಬ್ಬನ ಕಿರ್ದಿಯನ್ನು ಊಹಿಸಿಕೊಳ್ಳಿರಿ. ಕೊನೆಯ ಮೊತ್ತವೊಂದೇ ಇದ್ದರೆ ಮೊದಲಿನಿಂದ ಎಲ್ಲವನ್ನೂ ಕೂಡಬೇಕು. ಪ್ರತಿ ಪುಟದ ಮೊತ್ತವನ್ನು ಅಡಿಯಲ್ಲಿ ಬರೆದಿದ್ದರೆ ನಾಲ್ವರು ನಾಲ್ಕು ಪುಟಗಳನ್ನು ಏಕಕಾಲಕ್ಕೆ ತಾಳೆ ನೋಡಬಹುದು. ಅಂತೆಯೇ ಕ್ರಮವಿಧಿಯ ಪ್ರತಿ ಘಟ್ಟದಲ್ಲಿಯೂ ಯಾವ ಬೆಲೆ ಇರಬೇಕೆಂದು ಬರೆದಿಡಬೇಕು. ಒಂದೊಂದು ಘಟ್ಟವೂ ಸರಿಯಾದರೆ ಒಟ್ಟು ಕೆಲಸವೂ ಸರಿಯೆಂದು ಸಿದ್ಧವಾಗುತ್ತದೆ. ಕೆಲಸವು ಮುಗಿದೇ ಮುಗಿಯುವುದೆಂಬುದನ್ನು, ಹಂತಹಂತಕ್ಕೆ ಇಳಿಯುತ್ತ ಹೋಗುವ ಒಂದು ಪರಿಮಾಣದಿಂದ ತೋರಿಸಬೇಕು.

ಈ ಪ್ರಬಂಧವು ಬಹುಕಾಲ ಮರೆಯಲ್ಲಿಯೇ ಉಳಿಯಿತು. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಇದೇ ಬಗೆಯ ವಿಧಾನಗಳನ್ನು ಬೆಳೆಸಿದರು. ಕ್ರಮವಿಧಿಯನ್ನು ನಡೆಸುವ ಮೊದಲೇ ಓದಿ ದೋಷವನ್ನು ಸೂಚಿಸುವ ಸಾಧನಗಳು ಇಂದು ಬಳಕೆಯಲ್ಲಿವೆ. ಆದರೆ 1936ರಲ್ಲಿ ಟ್ಯೂರಿಂಗ್ ತೋರಿಸಿದ ಮಿತಿಯನ್ನು ಅವೂ ಮೀರಲಾರವು. ಆದುದರಿಂದ ಅವನ್ನು ಬಳಸುವವನ ಎಚ್ಚರವೂ ಅಗತ್ಯ.

ಯಂತ್ರಗಳ ತಪ್ಪನ್ನು ತಿದ್ದುವ ದಾರಿ ತೋರಿದವನಿಗೆ ಆತನ ಕಾಲದ ಸಮಾಜವು ನ್ಯಾಯ ನೀಡಲಿಲ್ಲ. ಸಲಿಂಗ ಸಂಬಂಧವು ಅಂದಿನ ಕಾನೂನಿನಲ್ಲಿ ಅಪರಾಧವಾಗಿದ್ದುದರಿಂದ 1952ರಲ್ಲಿ ಟ್ಯೂರಿಂಗ್ ಶಿಕ್ಷೆಗೆ ಗುರಿಯಾದನು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ವಿಷದಿಂದ ಮೃತನಾದನು. 2009ರಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿ ಕ್ಷಮೆ ಕೋರಿದನು. 2013ರಲ್ಲಿ ರಾಣಿಯ ಕ್ಷಮಾದಾನವೂ ದೊರೆಯಿತು. ತಪ್ಪನ್ನು ಒಪ್ಪಿ ತಿದ್ದಿಕೊಳ್ಳಲು ಆ ದೇಶಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.