ಗಿರಣಿಗೆ ಭಾನುವಾರ ತಂದ ಲೋಖಂಡೆ

ಭಾನುವಾರದ ರಜೆ ಬ್ರಿಟಿಷರ ಚರ್ಚಿನ ಕೊಡುಗೆ ಅಂತ ಬಹಳ ಜನ ಹೇಳೋದನ್ನ ಕೇಳಿದ್ದೇನೆ. ಸರ್ಕಾರಿ ಕಚೇರಿಗಳ ಮಟ್ಟಿಗೆ ಅದು ನಿಜವಿರಬಹುದು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಮಾತ್ರ ಅದಕ್ಕಾಗಿ ಆರು ವರ್ಷ ಬಡಿದಾಡಬೇಕಾಯಿತು. ಮುಂದೆ ನಿಂತವರು ನಾರಾಯಣ ಮೇಘಾಜಿ ಲೋಖಂಡೆ.

1848ರಲ್ಲಿ ಠಾಣೆಯಲ್ಲಿ ಹುಟ್ಟಿದ ಅವರು ಗಿರಣಿಯೊಂದರ ಉಗ್ರಾಣ ನೋಡಿಕೊಳ್ತಿದ್ದರು. ಮಗ್ಗದ ಮುಂದೆ ನಿಂತವರಲ್ಲ, ನಿಂತವರನ್ನು ದಿನಾ ಕಂಡವರು. ಆಗಿನ್ನೂ ಗಿರಣಿಗಳಿಗೆ ವಿದ್ಯುತ್ ದೀಪ ಬಂದಿರಲಿಲ್ಲ. ಹೊತ್ತು ಹುಟ್ಟಿದಾಗ ಕೆಲಸ ಶುರು, ಮುಳುಗಿದಾಗ ಬಿಡುಗಡೆ. ಬೇಸಿಗೆಯಲ್ಲಿ ಹಗಲು ಬೆಳೆದಷ್ಟೂ ದುಡಿಮೆ ಬೆಳೀತಿತ್ತು. ರಜೆ ಸಿಕ್ಕ ದಿನವೂ ಯಂತ್ರ ಒರೆಸೋಕೆ ಬರಬೇಕಿತ್ತು. 1881ರ ಮೊದಲ ಕಾರ್ಖಾನೆ ಕಾಯ್ದೆ ಏಳು ವರ್ಷದ ಮಕ್ಕಳನ್ನೂ ದಿನಕ್ಕೆ 9 ಗಂಟೆ ದುಡಿಸೋಕೆ ಬಿಟ್ಟಿತ್ತು. ದೊಡ್ಡವರ ದುಡಿಮೆಗೆ ಮಿತಿಯೇ ಇರಲಿಲ್ಲ.

ಫುಲೆಯವರ ಸತ್ಯಶೋಧಕ ಸಮಾಜದ ಲೋಖಂಡೆ 1880ರಿಂದ ‘ದೀನಬಂಧು’ ಪತ್ರಿಕೆ ನಡೆಸಿದರು. 1884ರಲ್ಲಿ ಕಾರ್ಮಿಕರ ಸಭೆ ಕರೆದರು. ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, 15ನೇ ತಾರೀಕಿನೊಳಗೆ ಸಂಬಳ, ಗಾಯವಾದರೆ ಪರಿಹಾರ ಕೇಳಿದ ಮನವಿಗೆ 5,500 ಜನ ಸಹಿ ಹಾಕಿದರು. ಭಾನುವಾರವೇ ಯಾಕೆ ಅಂದರೆ ಅದು ಖಂಡೋಬನ ವಾರ ಅನ್ನೋ ವಾದವೂ ಇತ್ತಂತೆ. ಅಲ್ಲಿನ ಖಂಡೋಬ ನಮ್ಮ ಮೈಲಾರಲಿಂಗನೇ!

1890ರ ಏಪ್ರಿಲ್‌ನಲ್ಲಿ ಹತ್ತು ಸಾವಿರ ಕಾರ್ಮಿಕರು ಸೇರಿದ ಸಭೆಯಲ್ಲಿ ಇಬ್ಬರು ಹೆಂಗಸರೂ ಮಾತಾಡಿದರು. ಜೂನ್ 10ರಂದು ಮಾಲೀಕರು ವಾರದ ರಜೆಗೆ ಒಪ್ಪಿದರು.

ಲೋಖಂಡೆಯವರ ಸಂಘಕ್ಕೆ ಚಂದಾ ಇರಲಿಲ್ಲ, ನಿಯಮಾವಳಿ ಇರಲಿಲ್ಲ. ಅದು ಸಂಘವೇ ಅಲ್ಲ ಅಂತ ಕೆಲವು ಇತಿಹಾಸಕಾರರ ತಕರಾರು. ಸರ್ಕಾರದ ರಾವ್ ಬಹದ್ದೂರ್ ಬಿರುದನ್ನೂ ಅವರು ಪಡೆದರು. ಇರಲಿ, ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದೇ 1926ರಲ್ಲಿ. ಅದಿಲ್ಲದ ಕಾಲದಲ್ಲಿ ಸಾವಿರಾರು ಜನರನ್ನು ಸಹಿ ಹಾಕೋಕೆ ಒಪ್ಪಿಸೋದು ನನಗೆ ಸಣ್ಣ ಕೆಲಸವಾಗಿ ಕಾಣಲ್ಲ.

1891ರ ಕಾಯ್ದೆ ಹೆಂಗಸರ ದುಡಿಮೆಯನ್ನು 11 ಗಂಟೆಗೆ ಇಳಿಸಿತು. ಮುಂಬಯಿಗೆ ಪ್ಲೇಗ್ ಬಂದಾಗ ಕಾರ್ಮಿಕರು ಗುಂಪುಗುಂಪಾಗಿ ಊರು ಬಿಟ್ಟರು. ಲೋಖಂಡೆ ಅಲ್ಲೇ ಉಳಿದರು. 1897ರ ಫೆಬ್ರವರಿ 9ರಂದು ಪ್ಲೇಗಿಗೇ ಬಲಿಯಾದರು, ಐವತ್ತೂ ತುಂಬಿರಲಿಲ್ಲ.

ಬಟ್ಟೆ ಗಿರಣಿಗಳ ಗಂಡಸರಿಗೆ ದಿನಕ್ಕೆ 12 ಗಂಟೆಯ ಮಿತಿ ಬಂದದ್ದು 1911ರಲ್ಲಿ. 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆ ತಿದ್ದಿ ದಿನದ ದುಡಿಮೆಯನ್ನು ಮತ್ತೆ ಅದೇ 12 ಗಂಟೆವರೆಗೆ ಹಿಗ್ಗಿಸೋಕೆ ದಾರಿ ಮಾಡಿತು. ವಾರಕ್ಕೆ 48 ಗಂಟೆ ಮೀರಬಾರದು, ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಅನ್ನೋ ಷರತ್ತುಗಳಿದ್ದವು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯೋ ಹೆಣ್ಣುಮಗಳು ಒಪ್ಪಲ್ಲ ಅಂದರೆ ಮಾರನೇ ದಿನ ಗೇಟಿನೊಳಗೆ ಬಿಡ್ತಾರಾ ಅಂತ ನಾನು ಕೇಳಬೇಕಿರೋದು ಆ ತಿದ್ದುಪಡಿಗೆ ಕೈ ಎತ್ತಿದವರನ್ನು.