ಗುರುದೇವ ರಾನಡೆ: ನೌಕರಿಯ ನಡುವಿನ ನಾಮಯೋಗಿ

ನವರಾತ್ರಿಯ ಈ ಪುಣ್ಯಪರ್ವದಲ್ಲಿ ನಮ್ಮ ನಮ್ಮ ಮನೆಗಳಲ್ಲಿ ಘಟಸ್ಥಾಪನೆಯಾಗಿ, ನಂದಾದೀಪ ಬೆಳಗಿ, ಒಂಬತ್ತು ದಿನಗಳ ಮಟ್ಟಿಗಾದರೂ ನಾವೆಲ್ಲ ನಸುಕಿನಲ್ಲಿ ಎದ್ದು ಸ್ನಾನ ಮಾಡಿ ದೇವರ ಮುಂದೆ ಕುಳಿತುಕೊಳ್ಳುತ್ತೇವೆ. ಹತ್ತನೆಯ ದಿನ ಬನ್ನಿ ಹಂಚಿದ ಮೇಲೆ ಆ ಆಸನ ಮಡಿಸಿ ಮೂಲೆ ಸೇರುತ್ತದೆ. ನಮ್ಮ ಎಂಐಡಿಸಿ ಬಡಾವಣೆಯಲ್ಲಿ ಬೆಳಗಿನ ಹೊತ್ತೆಂದರೆ, ಒಬ್ಬರು ರಾತ್ರಿಪಾಳಿ ಮುಗಿಸಿ ಕಾರ್ಖಾನೆಯಿಂದ ಮನೆಗೆ ಬರುವ, ಇನ್ನೊಬ್ಬರು ರಿಕ್ಷಾ ಹಿಡಿದು ಸ್ಟೇಷನ್ನಿನತ್ತ ಓಡುವ ಹೊತ್ತು. ಇದರ ನಡುವೆ ಧ್ಯಾನಕ್ಕೆ ಸಮಯವೆಲ್ಲಿ? ನಿವೃತ್ತಿಯಾಗಲಿ, ಮಕ್ಕಳು ಒಂದು ದಡ ಸೇರಲಿ, ಆಮೇಲೆ ನೋಡಿಕೊಳ್ಳೋಣ ಎಂದು ದೇವರಿಗೂ ವಾಯಿದೆ ಹೇಳುತ್ತ ಬಂದಿರುವವರಲ್ಲಿ ಈ ಲೇಖಕನೂ ಒಬ್ಬ.

ಸಾಧನೆಯ ಮಾರ್ಗಗಳಿಗೇನೂ ಇಂದು ಕೊರತೆಯಿಲ್ಲ. ಬಡಾವಣೆಗೊಂದು ಯೋಗವರ್ಗವಿದೆ. ಕಸಾರಾ ಘಾಟು ದಾಟಿದರೆ ಇಗತಪುರಿಯಲ್ಲಿ ವಿಪಶ್ಯನಾ ಕೇಂದ್ರವಿದೆ. ಜಪಾನಿನ ಝೆನ್ ಧ್ಯಾನವನ್ನು ಕುರಿತ ಪುಸ್ತಕಗಳು ರೈಲ್ವೆ ಸ್ಟೇಷನ್ನಿನ ಅಂಗಡಿಗಳಲ್ಲಿಯೂ ದೊರೆಯುತ್ತವೆ. ನಾನು ಆರು ತಿಂಗಳು ಆಸನ ಮಾಡಿದೆ; ಅದನ್ನು ಬಿಟ್ಟು ಪ್ರಾಣಾಯಾಮ ಹಿಡಿದೆ; ಅದನ್ನೂ ಬಿಟ್ಟು ಉಸಿರೆಣಿಸುತ್ತ ಕುಳಿತೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಹತ್ತು ಖಾತೆಗಳನ್ನು ತೆರೆದು ಒಂದರಲ್ಲಿಯೂ ಶಿಲ್ಕು ಉಳಿಸದ ಗಿರಾಕಿಯ ಸ್ಥಿತಿ ನನ್ನದಾಯಿತು. ಇಂಥ ಸಮಯದಲ್ಲಿ ನಮ್ಮವರೇ ಆದ ಒಬ್ಬ ಮಹಾಪುರುಷರ ಜೀವನಚರಿತ್ರೆಯನ್ನು ಓದುವ ಯೋಗ ಒದಗಿತು. ಅವರು ಸಂಬಳಕ್ಕೆ ದುಡಿದವರು, ಸಂಸಾರಸ್ಥರು, ದೇಹದಿಂದ ದುರ್ಬಲರು, ಆದರೆ ಐವತ್ತಾರು ವರ್ಷಗಳ ಕಾಲ ಒಂದೇ ಸಾಧನೆಯನ್ನು ನಡೆಸಿದವರು. ಅವರೇ ಜಮಖಂಡಿಯ ರಾಮಚಂದ್ರ ದತ್ತಾತ್ರೇಯ ರಾನಡೆ. ಭಕ್ತರ ಪಾಲಿಗೆ ಗುರುದೇವ ರಾನಡೆ.

ಜನನ ಮತ್ತು ನಾಮದೀಕ್ಷೆ

ರಾನಡೆಯವರು ಜನಿಸಿದ್ದು 1886ರ ಜುಲೈ 3ರಂದು, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಆಗ ಅದು ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಮನೆಯೊಳಗೆ ಮರಾಠಿ, ಬೀದಿಯಲ್ಲಿ ಕನ್ನಡ. ಎರಡು ಭಾಷೆಗಳ ನಡುವೆ ಬೆಳೆಯುವುದು ಆ ಸೀಮೆಯ ಮಕ್ಕಳಿಗೆ ಸಹಜವಾದ ಸಂಗತಿ. ನಮ್ಮ ಡೊಂಬಿವಲಿಯ ಮಕ್ಕಳು ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಆಡುವುದನ್ನು ಕಂಡಾಗಲೆಲ್ಲ ನನಗೆ ಜಮಖಂಡಿಯ ಆ ಬಾಲಕನ ನೆನಪಾಗುತ್ತದೆ.

ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, 1901ರಲ್ಲಿ, ಉಮದಿಯ ಭಾವುಸಾಹೇಬ ಮಹಾರಾಜರ ದರ್ಶನವಾಗಿ ಅವರಿಂದ ನಾಮದೀಕ್ಷೆ ದೊರೆಯಿತು. ಆಗ ರಾನಡೆಯವರಿಗೆ ಹದಿನೈದರ ವಯಸ್ಸು. ಆ ಬಾಲಕ ಮೊದಲು ನಾಮವನ್ನು ಹಿಡಿದದ್ದು ವೈರಾಗ್ಯದಿಂದಲ್ಲ, ಪರೀಕ್ಷೆಯಲ್ಲಿ ಯಶಸ್ಸು ದೊರೆಯಲಿ ಎಂಬ ಆಸೆಯಿಂದ ಎಂದು ಅವರ ಚರಿತ್ರಕಾರರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮರುವರ್ಷ ಮೆಟ್ರಿಕ್ ಪರೀಕ್ಷೆಯಲ್ಲಿ ಅವರು ಉತ್ತಮವಾಗಿ ತೇರ್ಗಡೆಯಾಗಿ, ಸಂಸ್ಕೃತಕ್ಕೆ ಮೀಸಲಾದ ಶಂಕರಶೇಟ್ ವಿದ್ಯಾರ್ಥಿವೇತನವನ್ನು ಪಡೆದರು. ನಮ್ಮಂಥವರಿಗೆ ಈ ಸಂಗತಿ ಎಷ್ಟು ಸಮಾಧಾನಕರ! ಸಣ್ಣ ಆಸೆಯಿಂದ ದೇವರ ಬಾಗಿಲಿಗೆ ಹೋದವನನ್ನೂ ದೇವರು ಹಿಂದಕ್ಕೆ ಕಳುಹಿಸುವುದಿಲ್ಲ. ಆದರೆ ಫಲ ಕೈಗೆ ಬಂದ ಮೇಲೂ ಬಾಗಿಲನ್ನು ಬಿಡದೆ ನಿಲ್ಲುವವರು ವಿರಳ. ರಾನಡೆಯವರು ನಿಂತರು.

ಗುರುಪರಂಪರೆ

ಭಾವುಸಾಹೇಬ ಮಹಾರಾಜರ ಗುರುಗಳು ನಿಂಬರಗಿ ಮಹಾರಾಜರು. ಲಿಂಗಾಯತ ಮನೆತನದಲ್ಲಿ ಹುಟ್ಟಿದ ಈ ಸಂತರು ಕನ್ನಡದಲ್ಲಿ ಮಾಡಿದ ಉಪದೇಶ ‘ಬೋಧಸುಧೆ’ ಎಂಬ ಹೆಸರಿನಿಂದ ಸಂಗ್ರಹವಾಗಿದೆ. ಅವರ ಶಿಷ್ಯರಾದ ಭಾವುಸಾಹೇಬರು ಬ್ರಾಹ್ಮಣರು. ಅವರು ಇಂಚಗೇರಿಯಲ್ಲಿ ಮಠವನ್ನು ಸ್ಥಾಪಿಸಿದರು. ಜತ್ತದ ಶಿವಲಿಂಗವ್ವನವರಂಥ ಸ್ತ್ರೀ ಸಾಧಕಿಯರೂ ಅವರ ಶಿಷ್ಯರಾಗಿದ್ದರು. ಕನ್ನಡದ ಉಪದೇಶ, ಮರಾಠಿಯ ದಾಸಬೋಧದ ನಿತ್ಯಪಾರಾಯಣ, ಮುಂಜಾನೆಯ ಕಾಕಡಾರತಿ, ಭಜನೆ, ಧ್ಯಾನ—ಹೀಗೆ ಜಾತಿ ಮತ್ತು ಭಾಷೆಗಳ ಗಡಿಯನ್ನು ಗದ್ದಲವಿಲ್ಲದೆ ದಾಟಿದ ಸಂಪ್ರದಾಯವಿದು.

ಇದೇ ಪರಂಪರೆಯ ಇನ್ನೊಂದು ಶಾಖೆ ನಮ್ಮ ಮುಂಬಯಿಯನ್ನೂ ಮುಟ್ಟಿದೆ. ಭಾವುಸಾಹೇಬರ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರಿಂದ 1933ರಲ್ಲಿ ದೀಕ್ಷೆ ಪಡೆದವರು ಖೇತವಾಡಿಯ ನಿಸರ್ಗದತ್ತ ಮಹಾರಾಜರು. ಬೀಡಿ ಅಂಗಡಿ ನಡೆಸಿ ಸಂಸಾರ ಸಾಗಿಸಿದ ಅವರು 1981ರಲ್ಲಿ ದೇಹವಿಟ್ಟರು. ಅವರ ಮನೆಯ ಅಟ್ಟದ ಮೇಲಿನ ಪುಟ್ಟ ಕೋಣೆಗೆ ದೇಶವಿದೇಶಗಳ ಜಿಜ್ಞಾಸುಗಳು ಹುಡುಕಿಕೊಂಡು ಬರುತ್ತಿದ್ದರು. ಸಿದ್ಧರಾಮೇಶ್ವರರು ವಿಚಾರಪ್ರಧಾನವಾದ ವಿಹಂಗಮ ಮಾರ್ಗವನ್ನು, ಎಂದರೆ ಹಕ್ಕಿಯ ದಾರಿಯನ್ನು, ಬೋಧಿಸಿದರು. ಭಾವುಸಾಹೇಬರದು ಪಿಪೀಲಿಕಾ ಮಾರ್ಗ, ಇರುವೆಯ ದಾರಿ. ಹಕ್ಕಿ ಹಾರಿ ಹಣ್ಣನ್ನು ಮುಟ್ಟುತ್ತದೆ. ಇರುವೆ ಬುಡದಿಂದ ಒಂದೊಂದೇ ಹೆಜ್ಜೆ ಏರುತ್ತದೆ. ರಾನಡೆಯವರು ಇರುವೆಯ ದಾರಿಯಲ್ಲಿಯೇ ನಡೆದರು.

ರೋಗಶಯ್ಯೆಯೇ ಸಾಧನಾಮಂದಿರ

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ 1907ರಲ್ಲಿ ರಾನಡೆಯವರು ಬಿ.ಎ. ಪದವೀಧರರಾದರು. ಬುದ್ಧಿ ಕತ್ತಿಯ ಅಲಗಿನಂತಿತ್ತು; ಭವಿಷ್ಯ ಉಜ್ವಲವಾಗಿತ್ತು. ಅಷ್ಟರಲ್ಲಿಯೇ ಕಠಿನವಾದ ರೋಗ ಬಂದು ಅವರನ್ನು ಹಾಸಿಗೆ ಹಿಡಿಸಿತು. ಎರಡು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಎಂ.ಎ. ಮುಗಿದದ್ದು 1914ರಲ್ಲಿ. ಅದೇ ವರ್ಷ ಭಾವುಸಾಹೇಬ ಮಹಾರಾಜರು ದೇಹವಿಟ್ಟರು. ಮುಂದೆ ಹತ್ತಿರದವರ ಸಾವುಗಳನ್ನೂ ಅವರು ಕಾಣಬೇಕಾಯಿತು. ದೇಹವಂತೂ ಕೊನೆಯವರೆಗೂ ಕೃಶವಾಗಿಯೇ ಉಳಿಯಿತು.

ಪರೀಕ್ಷೆಗಾಗಿ ಹಿಡಿದ ನಾಮ ನಿಜವಾಗಿ ಅವರದಾದದ್ದು ಈ ವರ್ಷಗಳಲ್ಲಿ. ಕಾಯಿಲೆಯಾದವನಿಗೆ ಆಸನಗಳು ಸಾಧ್ಯವಿಲ್ಲ, ತೀರ್ಥಯಾತ್ರೆ ಸಾಧ್ಯವಿಲ್ಲ, ದೀರ್ಘವಾದ ಪೂಜಾವಿಧಿಯೂ ಸಾಧ್ಯವಿಲ್ಲ. ಉಸಿರೊಂದು ನಡೆಯುತ್ತಿರುತ್ತದೆ. ಆ ಉಸಿರಿನೊಡನೆ ಗುರುದತ್ತವಾದ ನಾಮವನ್ನು ಕೂಡಿಸುವುದೇ ಅವರ ಯೋಗವಾಯಿತು. ಎದ್ದು ಕುಳಿತುಕೊಳ್ಳುವ ಶಕ್ತಿಯಿದ್ದಾಗ ಕುಳಿತು, ಇಲ್ಲದಾಗ ಮಲಗಿ, ಗಂಟೆಗಟ್ಟಲೆ ಅವರು ಈ ಸ್ಮರಣೆಯನ್ನು ನಡೆಸಿದರು. ಇದರಿಂದಲೇ ತಾವು ಉಳಿದೆವೆಂಬ ನಂಬಿಕೆ ಅವರಲ್ಲಿ ದೃಢವಾಯಿತು. ವೈದ್ಯರ ಔಷಧಕ್ಕೆ ಬದಲಾಗಿ ನಾಮವೆಂದು ನಾವು ಇದನ್ನು ತಪ್ಪಾಗಿ ತಿಳಿಯಬಾರದು. ಭಯವೆಂಬ ಎರಡನೆಯ ರೋಗಕ್ಕೆ ಅದು ಮದ್ದಾಯಿತೆಂದು ತಿಳಿದರೆ ಸಾಕು.

ಅಧ್ಯಾಪನ, ಗ್ರಂಥರಚನೆ, ಧ್ಯಾನ

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಅನಂತರ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಾನಡೆಯವರು ತತ್ತ್ವಶಾಸ್ತ್ರವನ್ನು ಬೋಧಿಸಿದರು. ಗ್ರೀಕ್ ದರ್ಶನದಲ್ಲಿ ಅವರದು ಆಳವಾದ ಪಾಂಡಿತ್ಯ. 1926ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಉಪನಿಷದ್‌ಗ್ರಂಥದಲ್ಲಿ ಯಾಜ್ಞವಲ್ಕ್ಯ ಮೊದಲಾದ ಋಷಿಗಳ ಪಕ್ಕದಲ್ಲಿಯೇ ಪಾರ್ಮೆನಿಡೀಸ್, ಪ್ಲೇಟೋ ಮೊದಲಾದವರು ಬಂದು ಕುಳಿತುಕೊಳ್ಳುತ್ತಾರೆ. ಅವರ ಉಪನಿಷದ್‌ವಿಚಾರವನ್ನು ಕನ್ನಡಕ್ಕೆ ತಂದವರು ವರಕವಿ ದ. ರಾ. ಬೇಂದ್ರೆಯವರು. 1933ರಲ್ಲಿ ಹೊರಬಂದ ಮಹಾರಾಷ್ಟ್ರದ ಅನುಭಾವವನ್ನು ಕುರಿತ ಗ್ರಂಥದಲ್ಲಿ ಜ್ಞಾನೇಶ್ವರ, ನಾಮದೇವ, ಏಕನಾಥ, ತುಕಾರಾಮ, ರಾಮದಾಸರ ವಿವೇಚನೆಯಿದೆ.

ಗಂಗಾನಾಥ ಝಾ ಅವರು ಅಲಹಾಬಾದ್ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಕಾಲದಲ್ಲಿ ರಾನಡೆಯವರಿಗೆ ಅಲ್ಲಿಯ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥ ಸ್ಥಾನ ದೊರೆಯಿತು. ಮುಂದೆ ಅವರೇ ಉಪಕುಲಪತಿಯ ಹೊಣೆಯನ್ನೂ ಹೊತ್ತು, 1946ರಲ್ಲಿ ನಿವೃತ್ತರಾದರು. ಹುಟ್ಟೂರಿನಿಂದ ಅಷ್ಟು ದೂರ, ಬೇರೆ ಭಾಷೆಯ ಸೀಮೆಯಲ್ಲಿ ಹೊಟ್ಟೆಪಾಡಿನ ಕೆಲಸ. ಕಡತಗಳು, ಸಭೆಗಳು, ವಿದ್ಯಾರ್ಥಿಗಳು, ಪರೀಕ್ಷೆಗಳು. ಇವು ನಮಗೆ ಪರಿಚಯವಿಲ್ಲದ ತೊಂದರೆಗಳೇನಲ್ಲ. ಅವರು ಕಾವಿ ಉಡಲಿಲ್ಲ, ನೌಕರಿ ಬಿಡಲಿಲ್ಲ, ಸಂಸಾರದಿಂದ ಓಡಲಿಲ್ಲ. ಧ್ಯಾನದ ವೇಳೆಯನ್ನು ಮಾತ್ರ ಯಾವ ಕೆಲಸಕ್ಕೂ ಬಿಟ್ಟುಕೊಡಲಿಲ್ಲ. ದಿನದಲ್ಲಿ ಉಳಿದ ಸಮಯವನ್ನು ದೇವರಿಗೆ ಕೊಡುವುದು ನಮ್ಮ ಪದ್ಧತಿ. ದೇವರಿಗೆ ಕೊಟ್ಟು ಉಳಿದದ್ದರಲ್ಲಿ ಕೆಲಸವನ್ನೆಲ್ಲ ಮಾಡಿ ಮುಗಿಸುವುದು ಅವರ ಪದ್ಧತಿ. ಆಶ್ಚರ್ಯವೆಂದರೆ, ಅವರ ಕೆಲಸ ನಮ್ಮ ಕೆಲಸಕ್ಕಿಂತ ಕಡಿಮೆಯಾಗಿ ಕಾಣುವುದಿಲ್ಲ.

ಕಾಲೇಜಿನ ರಜೆ ಬಂದಿತೆಂದರೆ ಅವರ ಮನಸ್ಸು ನಿಂಬಾಳದತ್ತ ಓಡುತ್ತಿತ್ತು. ಸೊಲ್ಲಾಪುರದಿಂದ ಗದಗಿಗೆ ಹೋಗುವ ರೈಲುದಾರಿಯಲ್ಲಿ, ಇಂಡಿ ರೋಡ್ ಮತ್ತು ವಿಜಯಪುರಗಳ ನಡುವೆ ಬರುವ ಪುಟ್ಟ ಊರು ಅದು. ಸುತ್ತಲೂ ಜೋಳದ ಹೊಲ, ಬಿಸಿಲು, ಬಯಲು, ಮೌನ. ಅಲ್ಲಿಯ ಆಶ್ರಮದಲ್ಲಿ ಒಕ್ಕಲಿಗರು, ಕಾರಕೂನರು, ಪ್ರಾಧ್ಯಾಪಕರು ಒಂದೇ ಸಾಲಿನಲ್ಲಿ ಕುಳಿತು ಕನ್ನಡ ಪದಗಳನ್ನೂ ಮರಾಠಿ ಅಭಂಗಗಳನ್ನೂ ಹಾಡುತ್ತಿದ್ದರು.

ಹಲವು ಮಾರ್ಗಗಳು, ಒಂದೇ ನಡಿಗೆ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಯೋಗ, ಝೆನ್, ಜಪ ಇವೆಲ್ಲವನ್ನೂ ನಿತ್ಯಜೀವನದಲ್ಲಿ ಕೂಡಿಸಿಕೊಳ್ಳುವುದು ಹೇಗೆ? ಝೆನ್ ಎಂಬುದು ನಮ್ಮ ‘ಧ್ಯಾನ’ ಶಬ್ದವೇ. ಅದು ಚೀನಕ್ಕೆ ಹೋಗಿ ‘ಚಾನ್’ ಆಯಿತು, ಜಪಾನಿಗೆ ಹೋಗಿ ‘ಝೆನ್’ ಆಯಿತು. ದಕ್ಷಿಣ ಭಾರತದ ಬೋಧಿಧರ್ಮನೇ ಅದನ್ನು ಚೀನಕ್ಕೆ ಒಯ್ದನೆಂಬುದು ಪರಂಪರೆಯ ನಂಬಿಕೆ. ಝೆನ್ ಮಠಗಳಲ್ಲಿ ನೆಟ್ಟಗೆ ಕುಳಿತು ಉಸಿರನ್ನು ಗಮನಿಸುವುದು ಎಷ್ಟು ಮುಖ್ಯವೋ, ಅಂಗಳ ಗುಡಿಸುವುದು, ಅಡಿಗೆ ಮಾಡುವುದೂ ಅಷ್ಟೇ ಮುಖ್ಯ. ಹನ್ನೆರಡನೆಯ ಶತಮಾನದ ನಮ್ಮ ಶರಣರ ಕಾಯಕತತ್ತ್ವವೂ ಇದಕ್ಕೆ ದೂರವಾದುದಲ್ಲ. ಪತಂಜಲಿಯ ಯೋಗದಲ್ಲಿಯೂ ಆಸನ, ಪ್ರಾಣಾಯಾಮಗಳು ಧ್ಯಾನಕ್ಕೆ ಹೋಗುವ ಮೆಟ್ಟಿಲುಗಳು. ಉಸಿರು, ಸ್ಥಿರವಾದ ಆಸನ, ಎಚ್ಚರ, ಕೆಲಸದಲ್ಲಿ ಶ್ರದ್ಧೆ ಇವು ಎಲ್ಲ ಮಾರ್ಗಗಳಿಗೂ ಸಮಾನವಾದವು.

ರಾನಡೆಯವರು ಎಲ್ಲ ನಾಡುಗಳ ಅನುಭಾವಿಗಳನ್ನು ಆದರದಿಂದ ಓದಿದರು. ಅವರ ಹಿಂದೀ ಗ್ರಂಥ 1954ರಲ್ಲಿ ಬಂದಿತು. ಕನ್ನಡದ ಭಗವತ್ಪಥವನ್ನು ಕುರಿತ ಗ್ರಂಥ ಅವರ ನಿರ್ಯಾಣದ ಅನಂತರ, 1960ರಲ್ಲಿ, ಬೆಳಕು ಕಂಡಿತು. ಅದರಲ್ಲಿ ಶರಣರೂ ಹರಿದಾಸರೂ ಬೇರೆ ಬೇರೆ ಪಂಕ್ತಿಗಳಲ್ಲಿ ಕುಳಿತಿಲ್ಲ. ವೈರಾಗ್ಯ ಹುಟ್ಟುವ ಬಗೆ, ನೀತಿಯ ಸಿದ್ಧತೆ, ಸಾಧನೆಯ ಆರಂಭ, ಅನುಭವದ ಏರಿಕೆ ಎಂಬ ಮೆಟ್ಟಿಲುಗಳ ಮೇಲೆ ಜೊತೆಯಾಗಿ ನಿಂತಿದ್ದಾರೆ. ದಾರಿಗಳನ್ನೆಲ್ಲ ಅವರು ಗೌರವಿಸಿದರು. ಆದರೆ ನಡೆದದ್ದು ಗುರು ತೋರಿದ ಒಂದೇ ದಾರಿಯಲ್ಲಿ. ಅರಿವು ವಿಶಾಲವಾಗಿರಲಿ, ಆಚರಣೆ ಒಂದಾಗಿರಲಿ ಎಂಬುದೇ ಅವರ ಜೀವನದಿಂದ ನಾನು ಕಲಿತ ಪಾಠ. ಹತ್ತು ಕಡೆ ಎರಡೆರಡು ಮೊಳ ಅಗೆದವನಿಗೆ ನೀರು ಸಿಕ್ಕುವುದಿಲ್ಲ. ಬೆಳಿಗ್ಗೆ ಬೆನ್ನು ನೆಟ್ಟಗಾಗಲು ನಾಲ್ಕು ಆಸನ ಮಾಡುವುದರಲ್ಲಿ ದೋಷವಿಲ್ಲ. ಉಸಿರಿನ ಮೇಲೆ ಗಮನವಿಡುವುದರಲ್ಲಿಯೂ ದೋಷವಿಲ್ಲ. ಇವೆಲ್ಲವೂ ಒಂದೇ ಸ್ಮರಣೆಗೆ ಊಳಿಗ ಮಾಡಬೇಕು, ಅಷ್ಟೆ.

ಸೀಮೋಲ್ಲಂಘನ

ನಿವೃತ್ತಿಯ ಅನಂತರ ರಾನಡೆಯವರು ನಿಂಬಾಳದಲ್ಲಿಯೇ ನೆಲೆಸಿದರು. 1957ರ ಜೂನ್ 6ರಂದು ಅಲ್ಲಿಯೇ ಅವರ ದೇಹಾವಸಾನವಾಯಿತು. ಅವರ ಹೆಸರಿನ ಮಂದಿರ ಬೆಳಗಾವಿಯ ಹಿಂದವಾಡಿಯಲ್ಲಿಯೂ ಇದೆ. ವಾಚಕರು ಒಂದು ಲೆಕ್ಕವನ್ನು ಗಮನಿಸಬೇಕು. ನಿವೃತ್ತರಾದ ಮೇಲೆ ಅವರಿಗೆ ದೊರೆತದ್ದು ಹನ್ನೊಂದು ವರ್ಷಗಳು. ನೌಕರಿ, ಓದು, ರೋಗಗಳ ನಡುವೆ ಅವರು ಅದಕ್ಕೂ ಮೊದಲು ನಡೆಸಿದ ಸಾಧನೆ ನಲವತ್ತೈದು ವರ್ಷಗಳದು. ಹನ್ನೊಂದನ್ನು ನಂಬಿ ನಲವತ್ತೈದನ್ನು ಅವರು ಕಳೆದುಕೊಳ್ಳಲಿಲ್ಲ. ನಮಗೆ ಹನ್ನೊಂದು ದಿನಗಳಾದರೂ ದೊರೆಯುತ್ತವೆಂದು ಬರೆದುಕೊಟ್ಟವರಾರು? ನನ್ನೊಡನೆ ಒಂದೇ ಮೇಜಿನಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು ನಿವೃತ್ತಿಯ ಮರುದಿನವೇ ಕಾಶೀಯಾತ್ರೆಗೆ ಹೊರಡುವವರಿದ್ದರು. ಆ ದಿನಕ್ಕೆ ಎರಡು ತಿಂಗಳು ಉಳಿದಿರುವಾಗಲೇ ಅವರು ತೀರಿಕೊಂಡರು. ಅವರ ಮೇಜಿನ ಸೆಳೆಖಾನೆಯನ್ನು ತೆರವು ಮಾಡುವಾಗ ಜಪಮಾಲೆಯೊಂದು ಸಿಕ್ಕಿತು. ಅದರ ಕಾಗದದ ಪೊಟ್ಟಣವನ್ನು ಸಹ ಬಿಚ್ಚಿರಲಿಲ್ಲ. ಅದನ್ನು ಅವರ ಮನೆಯವರ ಕೈಗೆ ಒಪ್ಪಿಸಿ ಬಂದ ದಿನದಿಂದ ನಾನು ವಾಯಿದೆ ಹೇಳುವುದನ್ನು ಬಿಟ್ಟಿದ್ದೇನೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಕುಳಿತುಕೊಳ್ಳುತ್ತೇನೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತಾಗ ಅದೇ ನಾಮವನ್ನು ಉಸಿರಿಗೆ ಕೂಡಿಸುತ್ತೇನೆ. ಮನಸ್ಸು ಓಡಿಹೋಗುತ್ತದೆ, ಮತ್ತೆ ಕರೆತರುತ್ತೇನೆ. ಹೇಳಿಕೊಳ್ಳುವಂಥ ಅನುಭವವೇನೂ ಆಗಿಲ್ಲ. ಆದರೆ ಖಾತೆ ಈಗ ಒಂದೇ.

ವಿಜಯದಶಮಿಯಂದು ಸೀಮೋಲ್ಲಂಘನ ಮಾಡುವುದು ನಮ್ಮ ಸಂಪ್ರದಾಯ. ಊರಿನ ಸೀಮೆಯನ್ನು ನಾವು ಎಂದೋ ದಾಟಿ ಈ ಮಹಾನಗರದ ಅಂಚಿಗೆ ಬಂದು ನೆಲೆಸಿದ್ದೇವೆ. ದಾಟಬೇಕಾಗಿರುವುದು ನಾಳೆ ಎಂಬ ಸೀಮೆಯೊಂದನ್ನೇ. ಕಲ್ಯಾಣದಿಂದ ಸೊಲ್ಲಾಪುರದ ಮಾರ್ಗವಾಗಿ ವಿಜಯಪುರದ ಕಡೆಗೆ ಊರಿಗೆ ಹೋಗುವ ಬಾಂಧವರು, ಗಾಡಿ ನಿಂಬಾಳವನ್ನು ದಾಟುವಾಗ ಕಿಟಕಿಯಿಂದಲೇ ಆ ಕೃಶಕಾಯದ ಮಹಾತ್ಮನಿಗೆ ಒಮ್ಮೆ ಕೈ ಜೋಡಿಸಲಿ. ಈ ಸಲ ಹತ್ತನೆಯ ದಿನವೂ, ಹನ್ನೊಂದನೆಯ ದಿನವೂ ನಮ್ಮ ಮನೆಗಳ ಆಸನ ಮಡಿಸದೆ ಉಳಿಯುವಂತೆ ಜಗನ್ಮಾತೆಯು ಅನುಗ್ರಹಿಸಲಿ.